ಒಂದೇ ಕೈಯ ಬರವಣಿಗೆ

ಪಾರ್ಶ್ವವಾಯುವಿಗೆ ತುತ್ತಾಗಿ ಒಂದು ಕೈಯ ಬಲವನ್ನು ಕಳೆದುಕೊಂಡವರು ಮೊಬೈಲಿನಲ್ಲಿ ಊರಿಗೆ ನಾಲ್ಕು ಸಾಲು ಬರೆಯಲೂ ಪ್ರಯಾಸಪಡುತ್ತಾರೆ. ಹಿಡಿದ ಕೈಯೇ ಬರೆಯಲೂ ಬೇಕಷ್ಟೆ. ಇಂಥವರಿಗೆ ನೆರವಾಗಬಲ್ಲದು ಒಂದೇ ಕೈಯ ಕೀಲಿಫಲಕ.

ಹಾರ್ಮೋನಿಯಂನ ಮನೆಗಳಂತೆ ಇದರ ಹಲವು ಕೀಲಿಗಳನ್ನು ಏಕಕಾಲಕ್ಕೆ ಒತ್ತಿದಾಗ ಒಂದು ಅಕ್ಷರ ಮೂಡುತ್ತದೆ. ಪ್ರತಿ ಕೀಲಿಗೂ ಒತ್ತುವುದು, ಬಿಡುವುದು ಎಂಬ ಎರಡೇ ಸ್ಥಿತಿಗಳು. ಐದು ಕೀಲಿಗಳಿಗೆ ಒಟ್ಟು 32. ಯಾವುದನ್ನೂ ಒತ್ತದ ಸ್ಥಿತಿಯನ್ನು ಕಳೆದರೆ 31 ಸಂಕೇತಗಳು ಉಳಿಯುತ್ತವೆ. ಇಂಗ್ಲಿಷಿನ 26 ಅಕ್ಷರಗಳಿಗೆ ಇಷ್ಟು ಸಾಕು. ಕನ್ನಡದ 49 ಅಕ್ಷರಗಳಿಗಾದರೋ, ಮುಂದಿನ ಒತ್ತಿನ ಅರ್ಥವನ್ನು ಬದಲಿಸಲೆಂದೇ ಒಂದು ಸಂಕೇತವನ್ನು ಮೀಸಲಿಡಬೇಕಾಗುತ್ತದೆ.

1968ರ ಡಿಸೆಂಬರ್ 9ರಂದು ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥ ಐದು ಕೀಲಿಗಳ ಫಲಕವನ್ನು ಪ್ರದರ್ಶಿಸಿದರು. ಬಳಿಕ ಚಲನಚಿತ್ರ ನಿರ್ದೇಶಕ ಸೈ ಎಂಡ್‌ಫೀಲ್ಡ್ ಬ್ರಿಟನ್ನಿನಲ್ಲಿ ಆರು ಕೀಲಿಗಳ ‘ಮೈಕ್ರೋರೈಟರ್’ ಎಂಬ ಕಿರುಯಂತ್ರವನ್ನು ರೂಪಿಸಿದರು; 1980ರ ದಶಕದಲ್ಲಿ ಅದು ಮಾರುಕಟ್ಟೆಯಲ್ಲಿತ್ತು. ಮುಂದೆ ಬಂದ, ಮುಷ್ಟಿಯಲ್ಲಿ ಹಿಡಿಯುವ ‘ಟ್ವಿಡ್ಲರ್’ ಫಲಕದ 3ನೆಯ ಮಾದರಿಯನ್ನು ತಂತಿಯಿಲ್ಲದೆಯೇ ಫೋನಿಗೂ ಜೋಡಿಸಬಹುದಾಯಿತು.

ಕಲಿಕೆಗೆ ತಾಳ್ಮೆ ಬೇಕು. ಒಂದೇ ಕೈ ಎಲ್ಲ ದುಡಿಮೆಯನ್ನೂ ಹೊರುವುದರಿಂದ ಆಗಾಗ ವಿಶ್ರಾಂತಿ ಅವಶ್ಯ. ನೋವು, ಜೋಮು ಕಂಡರೆ ಬರವಣಿಗೆ ನಿಲ್ಲಿಸಿ ವೈದ್ಯರ ಸಲಹೆ ಪಡೆಯಬೇಕು. ಉಳಿದ ಕೈಯೇ ಬಂಡವಾಳ. ಅದನ್ನು ಕರಗಿಸದೆ ಬಳಸುವುದೇ ಜಾಣತನ.