ಗಟ್ಟಿಗಿತ್ತಿ ಎಂಬ ಹೇರಿಕೆ

ಅಮೆರಿಕದ ಕಪ್ಪು ಹೆಂಗಸರನ್ನು ಕುರಿತು ಯಾರು ಮಾತಾಡಿದರೂ 'ಗಟ್ಟಿಗಿತ್ತಿಯರು' ಎಂಬ ಹೊಗಳಿಕೆಯಿಂದಲೇ ಶುರು ಮಾಡುತ್ತಾರೆ. ನಮ್ಮ ಪ್ರಗತಿಪರ ವೇದಿಕೆಗಳೂ ಇದಕ್ಕೆ ಹೊರತಲ್ಲ. ಆದರೆ ಈ ಗಟ್ಟಿತನ ಮೊದಲು ಯಾರಿಗೆ ಬೇಕಾಗಿತ್ತು? ಗುಲಾಮರ ಒಡೆಯನಿಗೆ. ಹೊಲದಲ್ಲಿ ಅವಳು ಗಂಡಸಿನ ಸಮ ದುಡಿಯಬೇಕು, ಹೆತ್ತ ಮಕ್ಕಳೂ ಅವನ ಸೊತ್ತಾಗಬೇಕು. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಇಂಥ ಮೈಗೆ ನೋವಾಗುವುದಿಲ್ಲ ಎಂದು ನಂಬುವುದು ಒಡೆಯರಿಗೆ ಅನುಕೂಲವಾಗಿತ್ತು. 1840ರ ದಶಕದಲ್ಲಿ ಅಲಬಾಮಾದ ವೈದ್ಯ ಮರಿಯನ್ ಸಿಮ್ಸ್ ಗುಲಾಮ ಹೆಂಗಸರ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ನಡೆಸಿ, ಕಡೆಗೆ ಸ್ತ್ರೀರೋಗಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ.

ಬಿಡುಗಡೆಯ ಮೇಲೆ ಹೊರೆಯ ರೂಪ ಬದಲಾಯಿತು. 1896ರಲ್ಲಿ ಮೇರಿ ಚರ್ಚ್ ಟೆರೆಲ್ ಅವರ ಅಧ್ಯಕ್ಷತೆಯಲ್ಲಿ ಹುಟ್ಟಿದ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘದ ಧ್ಯೇಯ, ತಾನು ಏರುವಾಗ ಉಳಿದವರನ್ನೂ ಎತ್ತಬೇಕು ಎಂಬುದು. ಉದಾತ್ತವಾದದ್ದೇ. ಆದರೆ ಓದಿ ಮೇಲೆ ಬಂದ ಒಬ್ಬಳು ಎಡವಿದರೆ ಇಡೀ ಜನಾಂಗವೇ ಎಡವಿತು ಅಂತ ಲೆಕ್ಕ. ಮಾತು, ಬಟ್ಟೆ, ನಡತೆ ಎಲ್ಲವನ್ನೂ ಬಿಳಿಯರ ಕಣ್ಣೆದುರು ರುಜುವಾತು ಮಾಡುತ್ತಲೇ ಇರಬೇಕಾದ ಈ ಸ್ಥಿತಿಯನ್ನು ಇತಿಹಾಸಕಾರ್ತಿ ಇವೆಲಿನ್ ಬ್ರೂಕ್ಸ್ ಹಿಗಿನ್‌ಬಾಥಮ್ 1993ರಲ್ಲಿ 'ಮರ್ಯಾದಸ್ತಿಕೆಯ ರಾಜಕಾರಣ' ಎಂದು ಗುರುತಿಸಿದರು. (ಮನೆಯಲ್ಲಿ ಮೊದಲ ಪದವೀಧರೆಯಾದ ನಮ್ಮ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಸರಿ, ಗೆದ್ದಳು ಅನ್ನಿ. ಆಗಲೂ ತಪ್ಪು ಅವಳದೇ. 1965ರ ಮಾಯ್ನಿಹಾನ್ ವರದಿ ಕಪ್ಪು ಕುಟುಂಬಗಳ ದುಃಸ್ಥಿತಿಗೆ ಹೆಂಗಸಿನ ಯಜಮಾನಿಕೆಯನ್ನೂ ಕಾರಣವಾಗಿ ತೋರಿಸಿತು. ಈ 'ಅತಿಮಾನುಷ ಹೆಂಗಸು' ಒಂದು ಮಿಥ್ಯೆ ಎಂದು 1979ರಲ್ಲಿ ಬರೆದ ಮಿಷೆಲ್ ವಾಲೆಸ್ ತಮ್ಮವರಿಂದಲೂ ಬೈಸಿಕೊಂಡರು. 2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಸಿಮೋನ್ ಬೈಲ್ಸ್ ತಂಡದ ಫೈನಲ್ ನಡುವೆ 'ಇವತ್ತು ಆಗುವುದಿಲ್ಲ' ಎಂದು ಹಿಂದೆ ಸರಿದಾಗಲೂ ದೇಶಕ್ಕೆ ಕೈಕೊಟ್ಟಳು ಎಂದವರಿದ್ದರು. ಅಷ್ಟು ಪದಕ ಗೆದ್ದವಳಿಗೇ ಹೀಗಾದರೆ, ಆಸ್ಪತ್ರೆಯ ಆಯಾ ಅಥವಾ ಆಫೀಸಿನ ಗುಮಾಸ್ತೆ ಯಾವ ಧೈರ್ಯದಿಂದ 'ಆಗಲ್ಲ' ಅಂದಾಳು?

ಬೆಲೆ ತೆರುವುದು ಮೈ. 1992ರಲ್ಲಿ ಆರ್ಲೀನ್ ಜೆರೊನಿಮಸ್ ಎಂಬ ಸಂಶೋಧಕಿ ಇದನ್ನು ಗಾಳಿ ಮಳೆಗೆ ಕಲ್ಲು ಸವೆಯುವುದಕ್ಕೆ ಹೋಲಿಸಿದರು. ಬಿಳಿ ಹೆಂಗಸರಲ್ಲಿ ಹದಿಹರೆಯಕ್ಕಿಂತ ಇಪ್ಪತ್ತರ ನಂತರದ ಹೆರಿಗೆ ಕೂಸಿಗೆ ಕ್ಷೇಮ. ಕಪ್ಪು ಹೆಂಗಸರಲ್ಲಿ ವಯಸ್ಸು ಏರಿದಂತೆ ಅಪಾಯವೇ ಏರುತ್ತಿತ್ತು. ಅಷ್ಟರೊಳಗೇ ಮೈ ಸವೆದಿರುತ್ತದೆ. ಇಲ್ಲಿ ಬಡತನವೊಂದನ್ನೇ ಕಾರಣ ಮಾಡುವ ನಮ್ಮ ವರ್ಗವಾದಿ ಗೆಳೆಯರು ಸ್ವಲ್ಪ ನಿಲ್ಲಬೇಕು: ಹೈಸ್ಕೂಲು ಮುಗಿಸದ ಬಿಳಿ ತಾಯಂದಿರಿಗಿಂತ ಕಾಲೇಜು ಓದಿದ ಕಪ್ಪು ತಾಯಂದಿರು ಹೆಚ್ಚು ಶಿಶುಗಳನ್ನು ಕಳೆದುಕೊಳ್ಳುತ್ತಾರೆ. 2023ರಲ್ಲಿ ಅಮೆರಿಕದಲ್ಲಿ ಲಕ್ಷ ಜೀವಂತ ಜನನಗಳಿಗೆ ಸತ್ತ ಕಪ್ಪು ತಾಯಂದಿರು 50.3, ಬಿಳಿಯರಲ್ಲಿ 14.5.

ಸೆರೆನಾ ವಿಲಿಯಮ್ಸ್ 2017ರಲ್ಲಿ ಹೆತ್ತ ಮರುದಿನ ಉಸಿರು ಕಟ್ಟಿ, ರಕ್ತ ಹೆಪ್ಪುಗಟ್ಟಿದೆ, ಸ್ಕ್ಯಾನ್ ಮಾಡಿ ಎಂದು ತಾವೇ ಹೇಳಿದರು. ನೋವಿನ ಔಷಧಿಯಿಂದ ಗೊಂದಲವಾಗಿರಬೇಕು ಎಂದುಕೊಂಡಳು ನರ್ಸ್. ವೈದ್ಯರು ಮೊದಲು ಕಾಲನ್ನು ಪರೀಕ್ಷಿಸಿದರು. ಅವರು ಪಟ್ಟು ಬಿಡಲಿಲ್ಲ. ಕೊನೆಗೆ ಸ್ಕ್ಯಾನ್ ಆದಾಗ ಹೆಪ್ಪುಗಳು ಶ್ವಾಸಕೋಶದಲ್ಲೇ ಇದ್ದವು.