ಕೂಸು ಹುಟ್ಟುವ ಮೊದಲೇ ಕುಲಾವಿ ಇರಲಿ

ಅವಸರಪಡುವವರನ್ನು ಕಂಡರೆ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂದು ಹಾಸ್ಯ ಮಾಡುವುದು ನಮ್ಮಲ್ಲಿ ವಾಡಿಕೆ. ಆ ಗಾದೆಯ ಹಿಂದೆ ಒಂದು ಅಳುಕೂ ಇದೆ. ಮಗು ಕೈಗೆ ಬರುವ ಮೊದಲೇ ಅದಕ್ಕೆ ಬಟ್ಟೆಬರೆ ಕೂಡಿಟ್ಟರೆ ದೃಷ್ಟಿಯಾದೀತು ಎಂದು ಹಿರಿಯರು ಹೆದರುತ್ತಾರೆ. ಹೀಗಾಗಿ ಸೀಮಂತವನ್ನು ಅದ್ದೂರಿಯಾಗಿ ಮಾಡಿದ ಮನೆಯಲ್ಲೂ ಬೇನೆ ಕಾಣಿಸಿಕೊಂಡ ರಾತ್ರಿ ಒಬ್ಬರು ಟ್ರಂಕಿನಲ್ಲಿ ಹಳೆ ಸೀರೆ ಹುಡುಕುತ್ತಿರುತ್ತಾರೆ, ಇನ್ನೊಬ್ಬರು ತಾಯಿ ಕಾರ್ಡಿಗಾಗಿ ಬೀರು ತಡಕಾಡುತ್ತಿರುತ್ತಾರೆ. ವಾಹನ ಬಾಗಿಲಲ್ಲಿ ಕಾಯುತ್ತಿರುತ್ತದೆ.

ಹೆರಿಗೆಯ ವಿಷಯದಲ್ಲಿ ಈ ಗಾದೆಯನ್ನು ಪಕ್ಕಕ್ಕಿಡುವುದೇ ಕ್ಷೇಮ. ಹೆರಿಗೆಯಲ್ಲಿ ತಾಯಂದಿರು ಏಕೆ ಸಾಯುತ್ತಾರೆ ಎಂಬುದನ್ನು ವಿವೇಚಿಸಿದ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಮೂರು ಬಗೆಯ ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ ಆಗುವ ವಿಳಂಬ, ಅಲ್ಲಿಗೆ ತಲುಪುವಲ್ಲಿ ಆಗುವ ವಿಳಂಬ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಆಗುವ ವಿಳಂಬ. ಮೊದಲೇ ಕಟ್ಟಿಟ್ಟ ಒಂದು ಚೀಲ ಈ ಮೂರರಲ್ಲೂ ಅಷ್ಟಷ್ಟು ನಿಮಿಷಗಳನ್ನು ಉಳಿಸಬಲ್ಲದು.

ಕರ್ನಾಟಕದಲ್ಲಿ 2004-06ರಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾವನ್ನಪ್ಪುತ್ತಿದ್ದರು. 2018-20ರ ಹೊತ್ತಿಗೆ ಈ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದ್ದು, 2008ರಲ್ಲಿ 108 ಆಂಬುಲೆನ್ಸ್ ಬಂದದ್ದು ಎಲ್ಲವೂ ಇದಕ್ಕೆ ನೆರವಾಗಿವೆ. ಆದರೆ ಮನೆಯೊಳಗಿನ ಸಿದ್ಧತೆಯನ್ನು ಮನೆಯವರೇ ಮಾಡಿಕೊಳ್ಳಬೇಕು.

ಎಂದು ಕಟ್ಟಬೇಕು?

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ವೈದ್ಯರು ಹೆರಿಗೆಯ ದಿನಾಂಕ ಬರೆದುಕೊಡುತ್ತಾರೆ. ಇದು ಅಂದಾಜು ಮಾತ್ರ. ಸರಿಯಾಗಿ ಅದೇ ದಿನ ಹೆರುವವರು ನೂರಕ್ಕೆ ನಾಲ್ಕೈದು ಮಂದಿ. 37ನೇ ವಾರದ ನಂತರ ಯಾವಾಗ ಬೇಕಾದರೂ ಬೇನೆ ಬರಬಹುದು. ಆದ್ದರಿಂದ ಎಂಟು ತಿಂಗಳು ತುಂಬುವಷ್ಟರಲ್ಲಿ ಚೀಲ ಸಿದ್ಧವಾಗಿರಬೇಕು. ಅವಳಿ ಮಕ್ಕಳಿದ್ದರೆ ಅಥವಾ ರಕ್ತದೊತ್ತಡವಿದ್ದರೆ ಇನ್ನೂ ಮೊದಲು.

ಕಾಗದಪತ್ರಗಳು ಮೊದಲು

ಚೀಲಕ್ಕೆ ಮೊದಲು ಹೋಗಬೇಕಾದದ್ದು ಬಟ್ಟೆಯಲ್ಲ, ಕಾಗದ. ತಾಯಿ ಕಾರ್ಡ್, ರಕ್ತದ ಗುಂಪು ಮತ್ತು ಹಿಮೋಗ್ಲೋಬಿನ್ ವರದಿ, ಸ್ಕ್ಯಾನಿಂಗ್ ವರದಿಗಳು, ನುಂಗುತ್ತಿರುವ ಮಾತ್ರೆಗಳ ಚೀಟಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇವೆಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿರಲಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವರ ವರದಿಗಳು ಗಂಡನ ಮನೆಯಲ್ಲೇ ಉಳಿದುಬಿಡುವುದು ಸಾಮಾನ್ಯ. ಅವನ್ನು ಮರೆಯದೆ ತರಿಸಿಕೊಳ್ಳಬೇಕು.

ಇದಕ್ಕೆ ಬಲವಾದ ಕಾರಣವಿದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗಿ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತದೆ. ಅದು ಕುಗ್ಗದೆ ಸಡಿಲವಾಗಿ ಉಳಿದರೆ ಕೆಲವೇ ನಿಮಿಷಗಳಲ್ಲಿ ತಾಯಿಯ ಪ್ರಾಣಕ್ಕೆ ಅಪಾಯ. ಆಗ ರಕ್ತದ ಗುಂಪು, ರಕ್ತಹೀನತೆಯ ವಿವರ ವೈದ್ಯರ ಕೈಯಲ್ಲೇ ಇರಬೇಕು. ರಕ್ತ ಕೊಡಲು ಒಪ್ಪಿದ ಇಬ್ಬರ ಹೆಸರು, ಫೋನ್ ನಂಬರನ್ನೂ ಅದೇ ಕವರಿನಲ್ಲಿ ಬರೆದಿಡುವುದು ಒಳ್ಳೆಯದು. ತಾಯಿಯದು ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡಬೇಕು. ಮುಂದಿನ ಮಗುವಿನ ರಕ್ಷಣೆಗೆ ಇದು ಅಗತ್ಯ.

ಕುಲಾವಿಯ ವಿಜ್ಞಾನ

ಹುಟ್ಟಿದ ಮಗು ಒದ್ದೆಯಾಗಿರುತ್ತದೆ. ಒಂದು ಗ್ರಾಂ ನೀರು ಮೈಮೇಲಿಂದ ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅಷ್ಟೂ ಶಾಖ ಮೈಯಿಂದಲೇ ಹೋಯಿತೆಂದು ಲೆಕ್ಕ ಹಾಕಿದರೆ, ಒಂದು ಟೀ ಚಮಚದಷ್ಟು ನೀರು ಆರಿದರೂ ಮೂರು ಕಿಲೋ ತೂಕದ ಕೂಸಿನ ಮೈ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾದೀತು. ತೂಕಕ್ಕೆ ಹೋಲಿಸಿದರೆ ಕೂಸಿನ ಮೈಯ ಮೇಲ್ಮೈ ದೊಡ್ಡವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನಡುಗಿ ಶಾಖ ಹುಟ್ಟಿಸಿಕೊಳ್ಳಲು ಅದಕ್ಕೆ ಬಾರದು. ಅದರ ಮೇಲ್ಮೈಯಲ್ಲಿ ಸುಮಾರು ಐದನೇ ಒಂದು ಭಾಗ ತಲೆಯೇ. ಕುಲಾವಿಯ ಮಹತ್ವ ಇರುವುದು ಇಲ್ಲಿ.

ಆದ್ದರಿಂದ ಒರೆಸಲು ಎರಡು, ಸುತ್ತಲು ನಾಲ್ಕಾರು ಮೆತ್ತನೆಯ ಹತ್ತಿ ಬಟ್ಟೆ, ಎರಡು ಕುಲಾವಿ, ಕಾಲುಚೀಲ, ಮುಂದೆ ಕಟ್ಟುವ ಅಂಗಿ, ಸಾಕಷ್ಟು ಲಂಗೋಟಿ ಇರಲಿ. ಹೊಸ ಬಟ್ಟೆಯಲ್ಲಿ ಗಂಜಿ ಇರುವುದರಿಂದ ನೀರು ಹೀರುವುದಿಲ್ಲ. ಅಜ್ಜಿಯ ಹಳೆ ಹತ್ತಿ ಸೀರೆಯ ತುಂಡೇ ಮೇಲು. ಆದರೆ ಅದನ್ನು ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿರಬೇಕು. ನುಸಿಗುಳಿಗೆ ಹಾಕಿದ ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಹಾಗೆಯೇ ಕೂಸಿಗೆ ಸುತ್ತಬಾರದು. ಗುಳಿಗೆಯ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು.

ಬಟ್ಟೆಗಿಂತಲೂ ಬೆಚ್ಚನೆಯ ತಾಣ ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಆರಂಭಿಸಿದ ‘ಕಾಂಗರೂ ಆರೈಕೆ’ಯಲ್ಲಿ ಕಡಿಮೆ ತೂಕದ ಶಿಶುವನ್ನು ತಾಯಿಯ ಬರಿಮೈಗೆ ಒತ್ತಿಟ್ಟುಕೊಳ್ಳುತ್ತಾರೆ. ಇದಕ್ಕೂ ಹಾಲೂಡಿಸುವುದಕ್ಕೂ ಅನುಕೂಲವಾಗುವಂತೆ ತಾಯಿಗೆ ಮುಂದೆ ಗುಂಡಿಯಿರುವ ನೈಟಿ ಎರಡು ಮೂರು ಇರಬೇಕು. ದೊಡ್ಡ ಅಳತೆಯ ಪ್ಯಾಡ್, ಒಳಉಡುಪು, ಟವೆಲ್, ಸೋಪು, ಬಾಚಣಿಗೆ, ಚಪ್ಪಲಿ, ಫ್ಲಾಸ್ಕ್, ತಟ್ಟೆ ಲೋಟ ಸಾಕು. ಜೊತೆಗಿರುವವರಿಗೆ ಹೊದಿಕೆ, ಫೋನ್ ಚಾರ್ಜರ್, ಸ್ವಲ್ಪ ಚಿಲ್ಲರೆ ಹಣ ಬೇಕು.

ಇವು ಬೇಡ

ಜೇನುತುಪ್ಪ, ಸಕ್ಕರೆ ನೀರು, ಹಾಲಿನ ಪುಡಿ, ಬಾಟಲಿಗಳನ್ನು ಚೀಲಕ್ಕೆ ಹಾಕಬಾರದು. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ವರ್ಷ ತುಂಬದ ಮಗುವಿಗೆ ಅದು ವರ್ಜ್ಯ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲೇ ಸಿಗಬೇಕು. ಹಾಲಿನ ಪುಡಿ ಮತ್ತು ಬಾಟಲಿಗಳ ಪ್ರಚಾರವನ್ನು ನಮ್ಮ ದೇಶದ 1992ರ ಕಾಯ್ದೆಯೇ ನಿಷೇಧಿಸಿದೆ. ಕಾಡಿಗೆ, ಪೌಡರ್ ಕೂಡ ಬೇಡ. ಮಗುವಿನ ಮೊದಲ ಸ್ನಾನ 24 ಗಂಟೆಯ ನಂತರವೇ ಆದ್ದರಿಂದ ಎಣ್ಣೆ ಸೀಗೆಗೂ ಅವಸರವಿಲ್ಲ. ಒಡವೆಗಳು ಮನೆಯಲ್ಲೇ ಇರಲಿ. ಬೆರಳು ಊದಿಕೊಂಡರೆ ಉಂಗುರ ತೆಗೆಯುವುದೂ ಕಷ್ಟ.

ಚೀಲ ಎಲ್ಲಿದೆ, ಯಾವ ಆಸ್ಪತ್ರೆ, ಯಾವ ವಾಹನ ಎಂಬುದು ಮನೆಯ ಎಲ್ಲರಿಗೂ, ಊರಿನ ಆಶಾ ಕಾರ್ಯಕರ್ತೆಗೂ ಗೊತ್ತಿರಬೇಕು. ನೀರು ಒಡೆದರೆ, ರಕ್ತ ಕಂಡರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಹೊಟ್ಟೆಯಲ್ಲಿ ಮಗುವಿನ ಅಲುಗಾಟ ಕಡಿಮೆಯಾದರೆ ಆ ಕ್ಷಣವೇ ಹೊರಡಬೇಕು. ಚೀಲ ಕೈಗೆ ಸಿಗಲಿಲ್ಲವೆಂದು ಕಾಯುವಂತಿಲ್ಲ. ಅದನ್ನು ಹಿಂದಿನಿಂದ ಯಾರಾದರೂ ತಂದುಕೊಟ್ಟಾರು.