ಕಡಲೊಳಗಿನ ಗದ್ದಲ: ನಂಬಿದ್ದೆಷ್ಟು, ನಿಜವೆಷ್ಟು?

ಸಿಂಧನೂರು, ಮಸ್ಕಿ, ಲಿಂಗಸುಗೂರಿನವರಿಗೆ ಕಡಲು ದೂರ. ಹಡಗಿನ ಸದ್ದಿನಿಂದ ತಿಮಿಂಗಿಲಕ್ಕೆ ತೊಂದರೆಯಾದರೆ ನಮಗೇನು ಎನ್ನುವವರು ಭತ್ತದ ಗದ್ದೆಗೆ ಎರಚುವ ಪೊಟ್ಯಾಷ್ ಚೀಲವನ್ನೊಮ್ಮೆ ನೋಡಲಿ. ದೇಶಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನದು, ಬರುವುದು ಹಡಗಿನಲ್ಲೇ.

‘ನೀರಿನಡಿ ಎಲ್ಲ ನಿಶ್ಶಬ್ದ’ ಎಂಬುದು ದೊಡ್ಡ ತಪ್ಪು. ಬಾವಿಯಲ್ಲಿ ಈಜು ಕಲಿತವರನ್ನು ಕೇಳಿ. ನೀವು ಮುಳುಗಿದ್ದಾಗ ಆಚೆ ಬದಿಯಲ್ಲಿ ಯಾರಾದರೂ ನೀರೊಳಗೆ ಎರಡು ಕಲ್ಲು ಕುಟ್ಟಿದರೆ ‘ಟಕ್’ ಎಂಬ ಸದ್ದು ಕಿವಿಯಲ್ಲೇ ಆದಂತಿರುತ್ತದೆ. ಯಾವ ದಿಕ್ಕಿನದೆಂದೂ ತಿಳಿಯದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಸದ್ದು ನೀರಿನಲ್ಲಿ 1,500 ಮೀಟರ್ ಓಡುತ್ತದೆ.

ಹಡಗಿನ ಗದ್ದಲವೆಲ್ಲ ಎಂಜಿನ್ನಿನದೇ ಎಂದುಕೊಳ್ಳುವುದೂ ಸರಿಯಲ್ಲ. ವೇಗವಾಗಿ ಸಾಗುವ ದೊಡ್ಡ ಹಡಗಿನಲ್ಲಿ ಹೆಚ್ಚು ಸದ್ದು ಪ್ರೊಪೆಲ್ಲರಿನದು. ಅದರ ರೆಕ್ಕೆಗಳ ಬಳಿ ಒತ್ತಡ ತಗ್ಗಿ ಗುಳ್ಳೆಗಳೇಳುತ್ತವೆ, ಮರುಕ್ಷಣ ಕುಸಿಯುತ್ತವೆ. ಆ ಗುಡುಗುಡು ಬಲುದೂರ ಸಾಗುತ್ತದೆ. ಲಕ್ಷದ್ವೀಪದ ಬಳಿ ಸಂಶೋಧಕಿ ದಿವ್ಯಾ ಪಣಿಕ್ಕರ್ ತಂಡ ಧ್ವನಿಮುದ್ರಿಸಿದ ನೀಲಿ ತಿಮಿಂಗಿಲ ಹಾಡುವುದೂ ಅಂಥದೇ ತಗ್ಗು ಸ್ವರದಲ್ಲಿ. ಹಾಗಾಗಿ ಒಂದು ತಿಮಿಂಗಿಲದ ಕರೆ ಇನ್ನೊಂದಕ್ಕೆ ಮುಟ್ಟದೆ ಹೋಗಬಹುದು. ಕಾರವಾರದ ಡಾಲ್ಫಿನ್‌ಗಳ ಸಿಳ್ಳೆ ಬಹಳ ಮೇಲಿನ ಸ್ವರ. ಅವಕ್ಕೆ ಹತ್ತಿರ ಸುತ್ತುವ ಮೋಟಾರು ದೋಣಿಯ ಕಾಟವೂ ಸಣ್ಣದಲ್ಲ.

ಇನ್ನೊಂದು, ‘ಹಡಗಿನ ಸದ್ದು 180 ಡೆಸಿಬಲ್, ಜೆಟ್ ವಿಮಾನವನ್ನೂ ಮೀರಿದ್ದು’ ಎಂಬ ಹೋಲಿಕೆ. ಕಾಳಜಿಯಿಂದಲೇ ಬರೆಯುತ್ತಾರೆ, ಆದರೆ ತಪ್ಪು. ನೀರಿನ ಡೆಸಿಬಲ್ಲಿಗೆ ಅಳತೆಯ ಮೂಲವೇ ಬೇರೆ. ಗಾಳಿಯ ಲೆಕ್ಕಕ್ಕೆ ತರಲು ಸುಮಾರು 62 ಕಳೆಯಬೇಕು. ನಿಜವಾದ ತೊಂದರೆ ಹೇಳಲು ಉತ್ಪ್ರೇಕ್ಷೆ ಬೇಕಿಲ್ಲ.

‘ಪ್ರಾಣಿಗಳು ಒಗ್ಗಿಕೊಳ್ಳುತ್ತವೆ’ ಎನ್ನುವವರಿಗೆ ಕೆನಡಾದ ಫಂಡಿ ಕೊಲ್ಲಿಯ ಉತ್ತರವಿದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯ ನಂತರ ಅಲ್ಲಿ ಹಡಗು ಸಂಚಾರ ಇಳಿಯಿತು, ನೀರಿನೊಳಗಿನ ಗದ್ದಲ 6 ಡೆಸಿಬಲ್ ತಗ್ಗಿತು. ಅದೇ ದಿನಗಳಲ್ಲಿ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನೂ ಕಡಿಮೆಯಾಗಿತ್ತು. ವಿಜ್ಞಾನಿ ರೊಸಾಲಿಂಡ್ ರೋಲಂಡ್ ತಂಡ ಇದನ್ನು ಪ್ರಕಟಿಸಿದ್ದು 2012ರಲ್ಲಿ.

ಹಾಗಂತ ದಡಕ್ಕೆ ಬಿದ್ದ ಪ್ರತಿ ತಿಮಿಂಗಿಲಕ್ಕೂ ಹಡಗಿನ ಸದ್ದೇ ಕಾರಣವಲ್ಲ. ರೋಗ, ಬಲೆ, ಡಿಕ್ಕಿಯೂ ಇವೆ.

ಪ್ಲಾಸ್ಟಿಕ್ಕಿನಂತೆ ಸದ್ದು ಕಡಲಲ್ಲಿ ಉಳಿಯುವುದಿಲ್ಲ. ವೇಗ ತಗ್ಗಿಸಿದರೆ ಬಹುತೇಕ ಹಡಗುಗಳ ಸದ್ದು ಅಲ್ಲೇ ಇಳಿಯುತ್ತದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ, 2023ರಲ್ಲಿ ತಿದ್ದಿದೆ. ಕಡ್ಡಾಯ ಮಾತ್ರ ಮಾಡಿಲ್ಲ. ನಿಮ್ಮೂರಿನಿಂದ ಕಾರವಾರಕ್ಕೆ ಪ್ರವಾಸ ಹೋಗಿ ಡಾಲ್ಫಿನ್ ನೋಡಲು ದೋಣಿ ಹತ್ತಿದರೆ, ಬೆನ್ನಟ್ಟಬೇಡಣ್ಣ, ದೂರದಲ್ಲೇ ನಿಧಾನಿಸು ಎಂದು ದೋಣಿಯವನಿಗೆ ಹೇಳಿ.